ಸರ್ವರ್‌ಗೆ ಹಾಕಿದ ಕಾವಲು

ಎಲ್ಲಕ್ಕೂ ಕಾರಣ ಮ್ಯಾನೇಜರರ ಒಂದು ಫೈಲು. ಅದು ತೆರೆದುಕೊಳ್ಳುವಷ್ಟರಲ್ಲಿ ಅವರ ಕಾಫಿ ತಣ್ಣಗಾಯಿತು. ಕೂಡಲೇ ಸರ್ವರ್ ನೋಡಿಕೊಳ್ಳುವವನಿಗೆ ಬುಲಾವ್ ಹೋಯಿತು. ಯಾರು ಏನು ಕೇಳಿದರೂ ‘ಆಗಲಿ’ ಎನ್ನುವವನಾದ್ದರಿಂದ ಆಫೀಸಿನಲ್ಲಿ ಅವನಿಗೆ ಆಗಲಿ ಸಾರ್ ಎಂದೇ ಹೆಸರು.

“ಸರ್ವರನ್ನ ಯಾರೋ ಹಿಂಡಿ ಹಿಪ್ಪೆ ಮಾಡ್ತಿದ್ದಾರೆ” ಎಂದರು ಮ್ಯಾನೇಜರ್. “ಯಾರು ಎಷ್ಟು ಬಳಸ್ತಾರೆ ಅಂತ ಸಂಜೆಯೊಳಗೆ ಗೊತ್ತಾಗ್ಬೇಕು. ಗೊತ್ತಾದ್ರೆ ನಾಳೆಯಿಂದ ನಿಮಗೆ ರಜೆ. ಇಲ್ಲಾಂದ್ರೆ ಇಲ್ಲ.”

ಆ ರಜೆ ಈಗಾಗಲೇ ಎರಡು ಸಲ ತಪ್ಪಿತ್ತು. ತವರಿಗೆ ಹೊರಟು ನಿಂತಿದ್ದ ಹೆಂಡತಿ, “ಈ ಸಲ ನೀವು ಬರಲಿಲ್ಲ ಅಂದ್ರೆ, ನಾನು ವಾಪಸ್ ಬರೋದನ್ನೇ ಯೋಚನೆ ಮಾಡ್ಬೇಕಾಗುತ್ತೆ” ಎಂದು ಬೆಳಗ್ಗೆ ನಗುನಗುತ್ತಲೇ ಹೇಳಿದ್ದಳು. ಆ ನಗು ನೆನೆದರೆ, ಪಾಪ, ಅವನ ಜೀವ ಬಾಯಿಗೆ ಬರುತ್ತಿತ್ತು.

ಆಗಲಿ ಸಾರ್ ಕೂತು ಏರ್ಪಾಡು ಮಾಡಿದ. ಐದೈದು ನಿಮಿಷಕ್ಕೊಮ್ಮೆ ಸರ್ವರ್ ತಾನಾಗಿಯೇ, ಯಾರಿಗಾಗಿ ಎಷ್ಟು ದುಡಿದೆ ಎಂದು ಬರೆದಿಟ್ಟುಕೊಳ್ಳಬೇಕು; ಸಂಜೆ ಎಲ್ಲ ಕೂಡಿಸಿ ಹೆಸರು ಸಮೇತ ಮ್ಯಾನೇಜರರಿಗೆ ಕಳಿಸಬೇಕು. ಕೆಲಸ ಚೊಕ್ಕವಾಗಿತ್ತು. ಊಟದ ಹೊತ್ತಿನಲ್ಲಿ ಅದನ್ನು ನಾಲ್ಕು ಜನರೆದುರು ಹೇಳಿಕೊಂಡದ್ದೇ ತಪ್ಪಾಯಿತು.

ಮೊದಲು ಬಂದವರು ಅಕೌಂಟ್ಸ್ ವಿಭಾಗದ ಅಕ್ಕ.

“ನೋಡಪ್ಪಾ, ಮೊಮ್ಮಗಳ ವಿಡಿಯೋ ಒಂದಷ್ಟು ಅದರಲ್ಲಿ ಇಟ್ಟಿದ್ದೀನಿ. ತೆವಳೋದು, ಸೀನೋದು, ಅಷ್ಟೇ. ಬೇಜಾರಾದಾಗ ನೋಡ್ತೀನಿ. ನನ್ನ ಹೆಸರೊಂದು ಬಿಟ್ಬಿಡು.”

“ದಿನಕ್ಕೆ ಎಷ್ಟು ಸಲ ಬೇಜಾರಾಗುತ್ತೆ ಅಕ್ಕಾ?”

“ಆಫೀಸಿನಲ್ಲಿ ಇರೋವಷ್ಟು ಹೊತ್ತೂ.”

ಆಗಲಿ ಎಂದ. ಹಿಂದೆಯೇ ಮ್ಯಾನೇಜರರ ಬಾಮೈದ ಬಂದು ಕುರ್ಚಿ ಎಳೆದುಕೊಂಡ.

“ಸಾರ್, ನಾನು ಸರ್ವರ್‌ನಲ್ಲಿ ಒಂದು ಆಟ ಆಡ್ತಿರ್ತೀನಿ. ನನ್ನ ಹೆಸರು ಬಂದ್ರೆ ಭಾವ ನನ್ನ ಬೈತಾರೆ. ನಮ್ಮಕ್ಕ ಭಾವನ್ನ ಬೈತಾಳೆ. ಆಮೇಲೆ ಭಾವ ಯಾರನ್ನ ಬೈತಾರೆ ಅಂತ ನೀವೇ ಯೋಚನೆ ಮಾಡಿ.”

ಯೋಚನೆ ಮಾಡಿ ಅವನ ಹೆಸರನ್ನೂ ಬಿಟ್ಟ. ಆಮೇಲೆ ಉಳಿದವರೆಲ್ಲ ಹಿಂಡಾಗಿ ಬಂದು, “ಅವರನ್ನ ಬಿಟ್ಟು ನಮ್ಮನ್ನ ಮಾತ್ರ ಹಿಡಿಯೋದು ಯಾವ ನ್ಯಾಯ?” ಎಂದರು. ನ್ಯಾಯ ಅವರ ಕಡೆಗೇ ಇತ್ತು; ಅವರ ಹೆಸರುಗಳನ್ನೂ ಬಿಟ್ಟ.

ಸಂಜೆ ವರದಿ ತಾನಾಗಿಯೇ ಹೊರಟುಹೋಯಿತು. ಆಗಲಿ ಸಾರ್ ಅದನ್ನು ಇಣುಕಿ ನೋಡಿದ. ಅದರಲ್ಲಿದ್ದದ್ದು ಒಂದೇ ಹೆಸರು, ಅವನದು. ಎದುರಿಗೆ ನೂರಕ್ಕೆ ನೂರು. ಕರೆ ಬಂದಾಗ ಕೆಲಸ ಹೋಯಿತೆಂದೇ ತಿಳಿದು ಒಳಗೆ ಹೋದ.

ಮ್ಯಾನೇಜರ್ ಎದ್ದು ಬಂದು ಕೈಕುಲುಕಿದರು. ಅವರ ಕಣ್ಣು ಒದ್ದೆಯಾಗಿತ್ತು.

“ಸರ್ವರ್ ಏದುಸಿರು ಬಿಡೋದರಲ್ಲಿ ಆಶ್ಚರ್ಯ ಏನು? ಇಡೀ ಆಫೀಸಿನ ಕೆಲಸ ನೀವೊಬ್ಬರೇ ಮಾಡ್ತಿದ್ದೀರಿ. ಅವರೆಲ್ಲ ಬರೀ ಸೀಟು ಬೆಚ್ಚಗೆ ಮಾಡ್ತಿದ್ದಾರೆ. ಸುಮ್ನೆ ಕರೆಂಟ್ ದಂಡ ಅಂತ ನಾಳೆಯಿಂದ ಒಂದು ವಾರ ಅವರಿಗೆಲ್ಲ ರಜೆ ಕೊಟ್ಟುಬಿಟ್ಟೆ. ನಿಮ್ಮನ್ನ ಮಾತ್ರ ಕಳಿಸೋ ಹಾಗಿಲ್ಲ, ತಪ್ಪು ತಿಳ್ಕೋಬೇಡಿ.”

ಅವನು ಹೊರಗೆ ಬಂದಾಗ ಎಲ್ಲರೂ ಬ್ಯಾಗು ಹಿಡಿದು ಹೊರಟಿದ್ದರು. ಜೇಬಿನಲ್ಲಿ ಹೆಂಡತಿಯ ಫೋನು ಬಡಿದುಕೊಳ್ಳುತ್ತಿತ್ತು. ಬಾಮೈದ ಬಾಗಿಲಲ್ಲಿ ನಿಂತು ಅವನ ಮುಖವನ್ನೇ ಕನಿಕರದಿಂದ ನೋಡಿದ.

“ತುಂಬಾ ಸುಸ್ತಾದ ಹಾಗೆ ಕಾಣ್ತೀರಿ ಸಾರ್. ನೀವೂ ಒಂದೆರಡು ದಿನ ರಜೆ ಕೇಳಬಹುದಿತ್ತು.”