ಚಿನ್ನಕ್ಕೆ ಬಂದ ಚಳಿಜ್ವರ

ಜ್ವರದ ಚಾರ್ಟು ಓದುವುದರಲ್ಲಿ ನನ್ನನ್ನು ಮೀರಿಸುವವರು ಮೈಸೂರು ಸಂಸ್ಥಾನದಲ್ಲಿ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೂ ಅವರು ಕೋಟೆ ಸೀಮೆಯಲ್ಲಿ ಕೆಲಸ ಮಾಡಿದವರಾಗಿರಲಾರರು. ಹೆಗ್ಗಡದೇವನಕೋಟೆಯ ಕಾಡಂಚಿನ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿಯೇ ನನ್ನ ತಲೆ ನರೆಯಿತು. ಚಳಿಜ್ವರ ಬಾರದವನನ್ನು ಅಲ್ಲಿಯ ಜನ ಹೊರಗಿನವನೆಂದೇ ತಿಳಿಯುತ್ತಿದ್ದರು! ಹೊತ್ತು ಹೊತ್ತಿಗೆ ಜ್ವರ ನೋಡುವುದು, ಚೌಕಳಿ ಕಾಗದದ ಮೇಲೆ ಚುಕ್ಕೆ ಇಡುವುದು, ಚುಕ್ಕೆಗೆ ಚುಕ್ಕೆ ಸೇರಿಸಿ ಗೆರೆ ಎಳೆಯುವುದು ನನ್ನ ಕೆಲಸ. ಆ ಕಾಗದದ ನಡುವೆ ಒಂದು ಕೆಂಪು ಗೆರೆ ಅಚ್ಚಾಗಿರುತ್ತದೆ. ಅದು ಆರೋಗ್ಯವಂತನ ಗೆರೆ. ನಮ್ಮ ಗೆರೆ ಅದನ್ನು ದಾಟಿ ಮೇಲೆ ಹೋದರೆ ಜ್ವರ ಏರುತ್ತಿದೆ, ಕೆಳಗೆ ಬಂದರೆ ಮೈ ತಣ್ಣಗಾಗುತ್ತಿದೆ. ಡಾಕ್ಟರು ಬರುವ ಮೊದಲೇ ನಾನು, "ನಾಳೆ ಮಧ್ಯಾಹ್ನ ಇವನಿಗೆ ನಡುಕ ಬರುತ್ತದೆ" ಎಂದು ಹೇಳಿಬಿಡುತ್ತಿದ್ದೆ. ಬರುತ್ತಿತ್ತು! ರೋಗಿ ನಡುಗುತ್ತಿದ್ದ, ನಾನು ಬೀಗುತ್ತಿದ್ದೆ.

ಇಂಥ ನಾನು ನಿವೃತ್ತನಾಗಿ ಸ್ವಂತ ಊರು ಹನಗೋಡಿಗೆ ಬಂದೆ. ಪಿಂಚಣಿಯಲ್ಲಿ ಒಂದು ಪಾಲನ್ನು ಒಟ್ಟಿಗೇ ಪಡೆದು ಪೋಸ್ಟಾಫೀಸಿನಲ್ಲಿ ಇಟ್ಟಿದ್ದೆ. ಆ ಹಣದ ಮೇಲೆ ನನ್ನ ಹೆಂಡತಿ ಸಾಕಮ್ಮನಿಗೆ ಇದ್ದದ್ದು ಒಂದೇ ಆಸೆ, ಹಿತ್ತಲಿನಲ್ಲಿ ಒಂದು ಬಾವಿ. ಮದುವೆಯಾದಂದಿನಿಂದ ಆಕೆ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ನೀರು ಹೊತ್ತವಳು. ಕೋಟೆಯಲ್ಲಿದ್ದಾಗ ಕೆರೆಯಿಂದ, ಈಗ ಲಕ್ಷ್ಮಣತೀರ್ಥದ ಹೊಳೆಯಿಂದ. "ಪಿಂಚಣಿ ಬರಲಿ, ಬಾವಿ ತೋಡಿಸುತ್ತೇನೆ" ಎಂದು ನಾನು ಪ್ರಾಯದಲ್ಲೇ ಮಾತು ಕೊಟ್ಟಿದ್ದೆ. ಪ್ರಾಯದಲ್ಲಿ ಪಿಂಚಣಿ ಬಹಳ ದೂರ ಇರುತ್ತದೆ ನೋಡಿ, ಧೈರ್ಯವಾಗಿ ಮಾತು ಕೊಡಬಹುದು.

ಹಣ ಬಾವಿಗೆ ಸರಿಯಾಗಿತ್ತು. ಕಲ್ಲು ಕಟ್ಟಡ, ರಾಟೆ, ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು, ಹಸುವಿಗೆ ನೀರು ಕುಡಿಯಲು ಕಲ್ಲಿನ ಬಾನಿ, ಎಲ್ಲಕ್ಕೂ ಆಗುತ್ತಿತ್ತು. ತೋಡಿಸಿ ಸುಮ್ಮನೆ ಇರಬಹುದಾಗಿತ್ತು. ಆದರೆ ದೀಪಾವಳಿಯ ಹೊತ್ತಿಗೆ ಒಂದು ದಿನ ಪೋಸ್ಟಾಫೀಸಿನ ಜಗಲಿಯಲ್ಲಿ ಕುಳಿತು ಪತ್ರಿಕೆ ತಿರುವುತ್ತಿದ್ದಾಗ ಚಿನ್ನದ ಧಾರಣೆ ಕಣ್ಣಿಗೆ ಬಿತ್ತು. ಹೋದ ತಿಂಗಳು ಇಷ್ಟು, ಈಗ ಇಷ್ಟು, ನಡುವೆ ಏರಿಕೆ, ಇಳಿಕೆ. ನನ್ನ ಮೈ ಜುಂ ಎಂದಿತು. ಇದು ಜ್ವರವಲ್ಲದೆ ಮತ್ತೇನು?

ಆಸ್ಪತ್ರೆಯವರು ಹಳೆಯದೆಂದು ಎಸೆಯಲಿದ್ದ ಚಾರ್ಟು ಕಾಗದದ ಕಟ್ಟೊಂದು ನನ್ನ ಪೆಟ್ಟಿಗೆಯಲ್ಲಿತ್ತು. ಪತ್ರಿಕೆಯ ಧಾರಣೆಯನ್ನು ಕೆಂಪು ಗೆರೆಯ ಮೇಲೆ ಬರೆದುಕೊಂಡೆ. ಗೆರೆ ಕೆಂಪನ್ನು ದಾಟಿ ಏರಲು ಹೊರಟರೆ ಚಿನ್ನ ಕೊಳ್ಳುವುದು, ಕೆಳಗೆ ಇಳಿದರೆ ಮಾರಿ ಹೊರಗೆ ಬರುವುದು. ಮುಗಿಯಿತು! ಬಾವಿಯ ಜೊತೆಗೆ ಮಾಳಿಗೆಯನ್ನೂ ಕಟ್ಟಿಸಬಹುದು.

ಪಕ್ಕದ ಮನೆಯ ಜವರಣ್ಣನಿಗೆ ಇದನ್ನೆಲ್ಲ ವಿವರಿಸಿದೆ. ಸಂತೆಗೆ ನಾನು ಹೋಗುತ್ತಿದ್ದದ್ದು ಅವನ ಗಾಡಿಯಲ್ಲಿ. ಅವನು ಎತ್ತಿನ ಬೆನ್ನು ಸವರುತ್ತಾ ಬಹಳ ಭಕ್ತಿಯಿಂದ ಕೇಳಿದ.

"ಅಂಗಾರೆ ಚಿನ್ನುಕ್ಕೂ ಕ್ವಿನೈನ್ ಕುಡುಸ್ಬೌದಾ, ಕಾಂಪೌಂಡ್ರಣ್ಣ?"

ಅಜ್ಞಾನಿಗಳ ಜೊತೆ ವಾದ ಮಾಡಬಾರದೆಂದು ಚಾರ್ಟು ಮಡಚಿಕೊಂಡು ಎದ್ದೆ.

ಹನಗೋಡಿಗೆ ಬರುವಷ್ಟರಲ್ಲಿ ಪತ್ರಿಕೆ ಹಳಸಿರುತ್ತಿತ್ತು. ನಿನ್ನೆಯ ಜ್ವರ ನೋಡಿ ಇವತ್ತು ಔಷಧ ಕೊಡುವವನು ನಾನಲ್ಲ! ಆದ್ದರಿಂದ ಪ್ರತಿ ಸಂತೆಯ ದಿನ ಹುಣಸೂರಿಗೆ ಹೋಗಿ, ಚಿನ್ನದ ವ್ಯಾಪಾರಿ ಸುಬ್ಬಯ್ಯಶೆಟ್ಟರ ಅಂಗಡಿಯಲ್ಲಿ ಖುದ್ದಾಗಿ ದರ ಕೇಳುವುದೆಂದು ನಿಶ್ಚಯಿಸಿದೆ. ಕೇಳುವುದರಲ್ಲೂ ನಾನು ಜಾಣ. ಕೊಳ್ಳುತ್ತೇನೆ ಎನ್ನುವುದಿಲ್ಲ, ಮಾರುತ್ತೇನೆ ಎನ್ನುವುದಿಲ್ಲ. ದಾರಿಯಲ್ಲಿ ಹೋಗುವವನಂತೆ ಮುಖ ಮಾಡಿಕೊಂಡು, "ಏನು ಶೆಟ್ಟರೇ, ಇವತ್ತು ಚಿನ್ನ ಹೇಗೆ?" ಎನ್ನುವುದು. ಅಷ್ಟೇ.

ಹಣ ತೆಗೆಯುತ್ತೇನೆಂದಾಗ ಸಾಕಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಳು.

"ಬಾವಿ ದುಡ್ಡು ಕಣ್ರೀ ಅದು."

"ಬಾವಿಗೇ ಕಣೇ! ಬೆಳೆದು ಬರಲಿ ಅಂತ."

"ದುಡ್ಡು ರಾಗಿ ಪೈರಾ, ಬೆಳೆಯಾಕೆ? ಇರಲಾರದೆ ಇರುವೆ ಬುಟ್ಕೊಂಡ್ರಂತೆ. ಆಗ್ಲಿ, ನಾನೂ ಬತ್ತೀನಿ. ಕೈಲಿ ದುಡ್ಡಿರೋ ಗಂಡ್ಸುನ್ನ ಒಬ್ರುನ್ನೇ ಸಂತೆಗೆ ಬುಡ್ಬಾರ್ದು."

ಹೀಗೆ ಅವಳೂ ಬಂದಳು. ಶೆಟ್ಟರು ನನ್ನನ್ನು ನೋಡಿದರು, ನನ್ನ ಹಿಂದೆ ಹಣದ ಚೀಲ ಅವುಚಿಕೊಂಡು ನಿಂತಿದ್ದ ಸಾಕಮ್ಮನನ್ನು ನೋಡಿದರು, ಆಮೇಲೆ ದರ ಹೇಳಿದರು. ಕೆಂಪು ಗೆರೆಯ ಮೇಲೆ! ಜ್ವರ ಏರುತ್ತಿದೆ! ತಡಮಾಡದೆ ಒಂದು ಗಟ್ಟಿ ಚಿನ್ನ ಕೊಂಡೆ. ಮನೆಯಲ್ಲಿಟ್ಟರೆ ಕಳ್ಳರ ಭಯವೆಂದು ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನಡುವಿಗೆ ಸಿಕ್ಕಿಸಿಕೊಂಡೆ. ಅಂದಿನಿಂದ ಊಟ, ನಿದ್ದೆ, ಸ್ನಾನ ಎಲ್ಲ ಗಂಟಿನ ಸಮೇತ.

ಮುಂದಿನ ಸಂತೆಗೆ ಸಾಕಮ್ಮ ಬರಲಿಲ್ಲ. ಹಣ ಕೈಬಿಟ್ಟು ಹೋಗಿದೆ, ಇನ್ನು ಕಾಯುವುದೇನು? ನಾನೊಬ್ಬನೇ ಹೋದೆ. ಶೆಟ್ಟರು ನನ್ನನ್ನು ನೋಡಿದರು, ನನ್ನ ನಡುವನ್ನು ನೋಡಿದರು, ದರ ಹೇಳಿದರು. ಕೆಂಪು ಗೆರೆಯ ಕೆಳಗೆ! ರೋಗಿ ತಣ್ಣಗಾಗುತ್ತಿದ್ದಾನೆ! ಇಂಥ ಹೊತ್ತಿನಲ್ಲಿ ತಡಮಾಡಿದರೆ ಏನಾಗುತ್ತದೆಂದು ಕಾಂಪೌಂಡರಿಗೆ ಹೇಳಿಕೊಡಬೇಕೆ? ಮಾರಿಬಿಟ್ಟೆ. ಒಗೆಯುವ ಕಲ್ಲಿನ ಬೆಲೆಯಷ್ಟು ನಷ್ಟವಾಯಿತು.

"ಯಾಕೆ ಮಾರ್ಬುಟ್ರಿ?" ಎಂದಳು ಸಾಕಮ್ಮ.

"ಸಮಯಕ್ಕೆ ಸರಿಯಾಗಿ ಹೊರಗೆ ಬಂದೆ. ಬೇರೆಯವನಾಗಿದ್ದರೆ ಮುಳುಗಿಹೋಗುತ್ತಿದ್ದ" ಎಂದು ಗಂಭೀರವಾಗಿ ಹೇಳಿದೆ. ಎಷ್ಟಕ್ಕೆ ಮಾರಿದೆ ಎಂದು ಹೇಳಲಿಲ್ಲ.

ಈಗ ಮತ್ತೆ ಕೈಯಲ್ಲಿ ಹಣ. ಮತ್ತೆ ಸಾಕಮ್ಮ ಗಾಡಿ ಹತ್ತಿದಳು. ಮತ್ತೆ ದರ ಏರಿತ್ತು! ಕೊಂಡೆ. ಮರುವಾರ ನಾನೊಬ್ಬನೇ ಹೋದೆ, ಇಳಿದಿತ್ತು! ಮಾರಿದೆ. ಹಸುವಿನ ಬಾನಿ ಹೋಯಿತು. ಅದರ ಮುಂದಿನ ಸಂತೆಗೆ ಏರಿಕೆ, ಅದರಾಚೆಯ ಸಂತೆಗೆ ಇಳಿಕೆ. ಬಾವಿಯಿಂದ ಬಚ್ಚಲಿಗೆ ಹಾಕಿಸಬೇಕೆಂದಿದ್ದ ಕಲ್ಲಿನ ಕಾಲುವೆಯೂ ಹೋಯಿತು. ಹೊರಗೆ ನಾನು ಚಿನ್ನದ ನಾಡಿ ಹಿಡಿದ ಧನ್ವಂತರಿ. ಒಳಗೆ ಬಾವಿ ತೋಡುವ ಮೊದಲೇ ಅದರ ಒಂದೊಂದೇ ಕಲ್ಲು ಉದುರುತ್ತಿತ್ತು.

ಆಗ ಒಂದು ಸಂಜೆ ಚಾರ್ಟನ್ನು ದೀಪದ ಬಳಿ ಹಿಡಿದು ನೋಡಿದೆ. ಏರು, ಇಳಿ, ಏರು, ಇಳಿ. ಕುಳಿತಲ್ಲಿಂದ ಎದ್ದುಬಿಟ್ಟೆ. ಒಂದು ದಿನ ಬಿಟ್ಟು ಒಂದು ದಿನ ಬರುವ ನಮ್ಮ ಕೋಟೆಯ ಚಳಿಜ್ವರ! ಸಾಕ್ಷಾತ್ ಅದೇ! ಚಿನ್ನ ಒಂದು ವಾರ ಏರುತ್ತದೆ, ಒಂದು ವಾರ ಇಳಿಯುತ್ತದೆ. ಹಾಗಾದರೆ ಇಳಿದ ವಾರ ಕೊಂಡು ಏರಿದ ವಾರ ಮಾರಬೇಕು. ಇಷ್ಟು ದಿನ ತಲೆಕೆಳಗಾಗಿ ಮಾಡುತ್ತಿದ್ದೆ. ಹೋದ ಸಂತೆಯಲ್ಲಿ ಏರಿದ ದರ ಕೇಳಿಯೂ ಮತ್ತೆ ನಷ್ಟವಾದೀತೆಂದು ಹೆದರಿ ಕೊಳ್ಳದೆ ಹಿಂದಿರುಗಿದ್ದೆ, ಹಣ ಮನೆಯಲ್ಲೇ ಇತ್ತು. ಮುಂದಿನದು ಇಳಿಯುವ ವಾರ. ಸಾಕಮ್ಮ ಕಟ್ಟೆಮಳಲವಾಡಿಯ ತಂಗಿಯ ಮನೆಗೆ ಹೋಗಿದ್ದಳು. ಹಣದ ಚೀಲ ಅವುಚಿಕೊಂಡು ಒಬ್ಬನೇ ಹೊರಟೆ.

ಶೆಟ್ಟರು ನನ್ನನ್ನು ನೋಡಿದರು, ಚೀಲವನ್ನು ನೋಡಿದರು, ದರ ಹೇಳಿದರು. ಏರಿತ್ತು!

ಒಂದು ಕ್ಷಣ ತಬ್ಬಿಬ್ಬಾದೆ. ಆದರೆ ಅನುಭವ ಸುಮ್ಮನೆ ಬರುತ್ತದೆಯೇ? ಇಳಿಯಬೇಕಾದ ದಿನ ಇಳಿಯದ ಜ್ವರ ಮರುದಿನ ಇನ್ನೂ ಜೋರಾಗಿ ಏರುತ್ತದೆ. ಇದ್ದ ಹಣವನ್ನೆಲ್ಲ ಸುರಿದು ಗಟ್ಟಿ ಕೊಂಡೆ. ಮರುವಾರ ಏರಿಕೆಯ ಶಿಖರದಲ್ಲಿ ಮಾರಲು ಬೆಳಗ್ಗೆಯೇ ಹೊರಟೆ, ಆತುರದಲ್ಲಿ ಕನ್ನಡಕವನ್ನೂ ಮರೆತೆ. ಶೆಟ್ಟರು ನನ್ನ ನಡುವನ್ನು ನೋಡಿ ದರ ಹೇಳಿದರು.

ಇಳಿದಿತ್ತು.

ಅಂಗಡಿಯ ಬೆಂಚಿನ ಮೇಲೆ ಕುಸಿದು ಕುಳಿತೆ. ನಿಜವಾಗಿಯೂ ಹೆದರಿಕೆಯಾಯಿತು. ಬಾವಿಯ ಹಣದಲ್ಲಿ ಇನ್ನು ಉಳಿದಿದ್ದದ್ದು ಬರೀ ಬಾವಿಯೊಂದಕ್ಕೇ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಸಾಕಮ್ಮ! ತಂಗಿಯ ಮನೆಯಿಂದ ಬಂದು ಪೆಟ್ಟಿಗೆ ತೆರೆದಿದ್ದಾಳೆ, ಹಣವಿಲ್ಲ. ನೆಟ್ಟಗೆ ಮೋಟಾರು ಹತ್ತಿ ಬಂದಿದ್ದಾಳೆ. ಮೋಟಾರಿಗೆ ಕಾಸು ಕೊಡುವುದು ದಂಡವೆಂದು ಹೇಳುತ್ತಿದ್ದವಳು ಮೋಟಾರಿನಲ್ಲಿ ಬಂದಳೆಂದರೆ ಕೋಪ ಎಷ್ಟಿರಬೇಕು, ನೀವೇ ಊಹಿಸಿ. ಒಂದು ಕೈಯಲ್ಲಿ ನನ್ನ ಕನ್ನಡಕ, ಇನ್ನೊಂದರಲ್ಲಿ ಖಾಲಿಯಾದ ಹಣದ ಚೀಲ. ಕಂಬದ ಮರೆಯಲ್ಲಿದ್ದ ನನ್ನನ್ನು ಅವಳು ನೋಡಲಿಲ್ಲ.

"ಸೆಟ್ರೆ, ಇವತ್ತು ಚಿನ್ನ ಏಟು?"

ಶೆಟ್ಟರು ತಲೆಯೆತ್ತಿ ಅವಳನ್ನು ನೋಡಿ ದರ ಹೇಳಿದರು.

ನಾನು ಬೆಂಚಿನಿಂದ ಚಿಮ್ಮಿದೆ. "ಏರಿತು! ಈಗ ತಾನೇ ಇಳಿದಿತ್ತು, ಎಲೆಯಡಿಕೆ ಅಗಿಯುವಷ್ಟರಲ್ಲಿ ಏರಿಬಿಟ್ಟಿತು! ಶೆಟ್ಟರೇ, ಮಾರುತ್ತೇನೆ, ತಗೊಳ್ಳಿ, ಬೇಗ!"

"ತಗೊಳ್ತೀನಿ ಕಾಂಪೌಂಡರೇ. ಆದ್ರೆ ನಿಮಗೆ ಆಗಲೇ ಹೇಳಿದ ದರ."

"ಅವಳಿಗೆ ಹೇಳಿದ್ದು?"

"ಅಮ್ಮಾವ್ರು ಕೊಳ್ಳೋದಕ್ಕೆ ಬಂದಿದ್ದಾರೆ. ಅದು ನಾವು ಕೊಡೋ ದರ. ನೀವು ಮಾರೋದಕ್ಕೆ ಬಂದಿದ್ದೀರಿ. ಇದು ನಾವು ತಗೊಳ್ಳೋ ದರ. ಎಲ್ಲಾ ಅಂಗಡೀಲೂ ಇರೋದೇ ಅಲ್ವೆ?"

"ನಾನು ಮಾರುತ್ತೇನೆ ಅಂತ ಬಾಯಿ ಬಿಟ್ಟು ಹೇಳಲೇ ಇಲ್ಲವಲ್ಲ!"

"ಬಾಯಿ ಯಾಕೆ ಬಿಡಬೇಕು? ಬಂದಾಗಿಂದ ನಡುವಿನ ಗಂಟನ್ನ ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ದೀರಿ. ಕೊಳ್ಳೋಕೆ ಬಂದಾಗ ಅಮ್ಮಾವ್ರು ಜೊತೇಲಿರ್ತಾರೆ, ಇಲ್ಲಾ ಚೀಲ ಇರುತ್ತೆ."

ಚಾರ್ಟನ್ನು ಹೊರಗೆ ತೆಗೆದು ತೋರಿಸಿದೆ. "ಹಾಗಾದರೆ ಇಷ್ಟು ದಿನ ಚಿನ್ನದ ಏರಿಳಿತ?"

ಶೆಟ್ಟರು ಕಾಗದವನ್ನು ತಿರುಗಿಸಿ ನೋಡಿ ಮರುಕದಿಂದ ಹೇಳಿದರು. "ಚಿನ್ನ ದೀಪಾವಳಿಯಿಂದ ಅಲ್ಲಾಡಿಲ್ಲ, ಸ್ವಾಮಿ. ಮಲಗಿದೆ."

ರೋಗಿಗೆ ಜ್ವರವೇ ಇರಲಿಲ್ಲ! ಇಷ್ಟು ದಿನ ಥರ್ಮಾಮೀಟರನ್ನು ನಾನು ಇಟ್ಟುಕೊಂಡಿದ್ದದ್ದು ನನ್ನ ಬಾಯಲ್ಲೇ.

ಸಾಕಮ್ಮ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಕನ್ನಡಕವನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಹೇಳಿದಳು. "ನನ್ ಸೊಂಟ ಇನ್ನೇಟು ದಿನ ತಡ್ದಾತು ಅಂತ ಒಂದ್ಸಲನಾರ ಗೆರೆ ಎಳ್ದು ನೋಡಿದ್ರಾ?"

ಅವಳು ಕೂಗಾಡಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಈ ಮಾತಿಗೆ ನನಗೆ ಅಳು ಬಂತು. ಊರ ಜನರ ಮೈ ಬಿಸಿಯನ್ನೆಲ್ಲ ಬರೆದಿಟ್ಟವನು ಮನೆಯವಳ ಸೊಂಟನೋವನ್ನು ಒಂದು ದಿನವೂ ಕೇಳಿರಲಿಲ್ಲ.

"ಕೊಟ್ಬುಡಿ ಗಟ್ಟೀಯ. ಬಂದೋಟು ಬರ್ಲಿ" ಎಂದಳು. ಕೊಟ್ಟುಬಿಟ್ಟೆ. ಹಣವನ್ನು ಅವಳೇ ಎಣಿಸಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಅಲ್ಲಿಂದ ನೇರವಾಗಿ ಬಾವಿ ತೋಡುವವರನ್ನು ಹುಡುಕಿಕೊಂಡು ಹೋದೆವು.

ಬಾವಿ ಆಯಿತು. ನೀರು ಸಿಹಿಯಾಗಿಯೇ ಬಂತು. ಮೊದಲ ಬಿಂದಿಗೆ ಮೇಲೆ ಬಂದಾಗ ಸಾಕಮ್ಮ ಬೊಗಸೆ ತುಂಬಿಸಿ ಕುಡಿದು, ಉಳಿದದ್ದನ್ನು ಮುಖಕ್ಕೆ ಎರಚಿಕೊಂಡು ಹುಡುಗಿಯ ಹಾಗೆ ನಕ್ಕಳು. ಅದನ್ನು ನೋಡಿ ನನಗೂ ಉತ್ಸಾಹ ಬಂತು.

"ಎಲ್ಲಾ ಸರಿ, ರಾಟೆ ಯಾವಾಗ ಹಾಕಿಸೋದು?" ಎಂದು ಕೇಳಿದೆ.

"ರಾಟೆ ದುಡ್ಡು ಜ್ವರ ಬಂದು ಸತ್ತೋಯ್ತಲ್ಲ. ರಾಟೆ ಯಾತುಕ್ಕೆ? ನೀವಿಲ್ವಾ?"

ಹೀಗಾಗಿ ಈಗ ನೀರು ಸೇದುವುದು ನಾನು. ಹಗ್ಗ ಕೆಳಗೆ ಇಳಿಯುತ್ತದೆ, ಬಿಂದಿಗೆ ಮೇಲೆ ಏರುತ್ತದೆ. ಈ ಏರಿಳಿತವನ್ನು ಮಾತ್ರ ಯಾವ ಶೆಟ್ಟರನ್ನೂ ಕೇಳಬೇಕಾಗಿಲ್ಲ, ರಟ್ಟೆಗೇ ಗೊತ್ತಾಗುತ್ತದೆ. ಯಾವಾಗ ಇಳಿಸಬೇಕು, ಯಾವಾಗ ಏರಿಸಬೇಕು ಎನ್ನುವುದಕ್ಕೂ ಚಾರ್ಟು ಬೇಡ. ಬಚ್ಚಲಿನಲ್ಲಿ ಖಾಲಿ ಹಂಡೆ ಠಣ್ ಎಂದರೆ ಎದ್ದು ಹೋಗಬೇಕು. ಆ ಸೂಚನೆ ಇದುವರೆಗೆ ಒಂದು ದಿನವೂ ಸುಳ್ಳಾಗಿಲ್ಲ.

ಅಗೋ, ಠಣ್ ಎಂದಿತು!