ಅತ್ತೆಯ ಕೋಣೆಯ ಕಿಟಕಿ

ಅತ್ತೆ ಊರಿಗೆ ಹೊರಟರೆ ಅಳಿಯ ಒಳಗೊಳಗೇ ಖುಷಿಪಡುತ್ತಾನೆ ಎಂದು ಲೋಕ ನಂಬಿಕೊಂಡಿದೆ. ಪಾಪ, ಲೋಕಕ್ಕೆ ನನ್ನ ಅತ್ತೆ ಮಾಡುವ ಹುಳಿಖಾರದ ಮೀನುಸಾರು, ಬಂಗುಡೆ ಪುಳಿಮುಂಚಿಯ ರುಚಿ ಗೊತ್ತಿಲ್ಲ. ಕಾಪುವಿನಿಂದ ಅವರು ದೋಹಾಕ್ಕೆ ಬಂದ ಮೇಲೆ ನಮ್ಮ ಮನೆಗೇ ಒಂದು ಕಳೆ ಬಂದಿತ್ತು. ಆಫೀಸಿನಿಂದ ಸುಸ್ತಾಗಿ ಬರುವ ನನ್ನ ಹೆಂಡತಿ ಶಶಿಕಲಾ ಅಮ್ಮನ ಜೊತೆ ಕೂತು ನಗುವುದನ್ನು ಕೇಳುವುದೇ ನನಗೊಂದು ಹಬ್ಬ. ಆದರೆ ಅಲ್ ಮುಂತಜಾ ಬಡಾವಣೆಯ ನಮ್ಮ ಹಳೆಯ ಫ್ಲಾಟಿನಲ್ಲಿ ಅತ್ತೆಗೆ ಕೊಟ್ಟ ಕೋಣೆ ಪಡುವಣ ದಿಕ್ಕಿನದು. ಮಧ್ಯಾಹ್ನವಾದರೆ ಸೂರ್ಯ ನೇರ ಅವರ ಮಂಚಕ್ಕೇ ಬಂದು ಕೂರುತ್ತಿದ್ದ. ಎಸಿ ಬೊಬ್ಬೆ ಹೊಡೆಯುತ್ತಿತ್ತೇ ಹೊರತು ತಂಪು ಮಾಡುತ್ತಿರಲಿಲ್ಲ. ಒಂದು ದಿನ ಅತ್ತೆ, ನಾನು ಎದುರಿಗೇ ಕೂತಿದ್ದರೂ, ಮಗಳ ಕಡೆ ತಿರುಗಿ, "ನಿನ್ನ ಗಂಡನಿಗೆ ಹೇಳು, ನನಗೆ ಟಿಕೆಟ್ ಮಾಡ್ಲಿಕ್ಕೆ. ಈ ಸೆಕೆ ನನ್ನಿಂದಾಗುದಿಲ್ಲ" ಎಂದರು. ಅಳಿಯನ ಜೊತೆ ನೇರವಾಗಿ ಮಾತಾಡುವುದು ಮರ್ಯಾದೆಯಲ್ಲ ಎಂಬ ಹಳೆಯ ಕ್ರಮ ಅವರದು. ಶಶಿಕಲಾಳ ಮುಖ ಬಾಡಿತು.

ನಾನು ಹಮದ್ ಬಂದರಿನಲ್ಲಿ ಶೀತಲ ಕಂಟೇನರುಗಳ ಕಾಗದಪತ್ರ ನೋಡುವವನು. ಸಮುದ್ರ ದಾಟಿ ಬರುವ ಮೀನನ್ನೇ ಹಾಳಾಗದಂತೆ ಇಡುವವರಿಗೆ ಒಬ್ಬ ಅತ್ತೆಯನ್ನು ತಂಪಾಗಿಡುವುದು ಯಾವ ದೊಡ್ಡ ವಿಷಯ ಎಂದುಕೊಂಡೆ. ರಜಾದಿನ ಇಡೀ ಕೂತು ಕಿಟಕಿಯ ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿದೆ, ಗಾಜಿಗೆ ಥರ್ಮೋಕೋಲ್ ಹೊದಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ತೂತಿನಿಂದಲೂ ಬಿಸಿ ಬರುತ್ತದೆಂದು ಅದಕ್ಕೂ ರಟ್ಟು ಬಡಿದೆ. ಮರುದಿನ ಅತ್ತೆ ಮೀನು ಕಾಯಿಸಲು ಕಾವಲಿ ಇಟ್ಟರು. ಹೊಗೆಗೆ ಹೋಗಲು ದಾರಿಯಿಲ್ಲ. ಬೆಂಕಿಯ ಅಲಾರಂ ಕಿರುಚಿತು. ಸುಡುಬಿಸಿಲಿನಲ್ಲಿ ಇಡೀ ಕಟ್ಟಡದವರು ಕೆಳಗೆ ನಿಂತರು, ನಡುವೆ ಸಟ್ಟುಗ ಹಿಡಿದ ನಮ್ಮ ಅತ್ತೆ. ಯಾರೂ ಬಯ್ಯಲಿಲ್ಲ. ಮೇಲಿನ ಮನೆಯ ಈಜಿಪ್ಟಿನವರಂತೂ ಅದು ಯಾವ ಮೀನು ಎಂದು ವಿಚಾರಿಸಿದರು.

ನನ್ನ ಮಾನ ಉಳಿಸಿದ್ದು ಪಕ್ಕದ ಮನೆಯ ಹಮೀದಾಕ. ಹೆಸರು ಹಮೀದ್, ಹಿರಿಯರೆಂದು ನಾವೆಲ್ಲ ಹಮೀದಾಕ ಎನ್ನುತ್ತೇವೆ. ಉಳ್ಳಾಲದವರು, ಇಲ್ಲೇ ಬಾಗಿಲು ಕಿಟಕಿಗಳ ವ್ಯಾಪಾರ ಮಾಡಿಕೊಂಡಿದ್ದಾರೆ. ನನ್ನ ರಟ್ಟನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, "ಮಾರಾಯ್ರೆ, ಕಂಟೇನರಿನ ಒಳಗೆ ಯಾರಾದ್ರೂ ಮೀನು ಕಾಯಿಸ್ತಾರಾ? ಮನೆಗೆ ಉಸಿರು ಬೇಡ್ವಾ?" ಎಂದರು. ಆಮೇಲೆ ತಾವೇ ನನ್ನನ್ನು ಕಟ್ಟಡದ ಮಾಲೀಕರ ಹತ್ತಿರ ಕರೆದುಕೊಂಡು ಹೋಗಿ ಅರಬಿಯಲ್ಲಿ ಏನೋ ಹೇಳಿದರು. ಅತ್ತೆಗೋಸ್ಕರ ಎಂದು ಕೇಳಿದ್ದೇ ಆ ಹಿರಿಯರು ನನ್ನ ಬೆನ್ನು ತಟ್ಟಿ, ಯಲ್ಲಾ, ಆಗಲಿ, ಹೊಸ ಕಿಟಕಿಯನ್ನೇ ಹಾಕಿಸೋಣ ಎಂದುಬಿಟ್ಟರು. ಎರಡು ಪದರ ಗಾಜಿನ ಹೊಸ ಕಿಟಕಿ ಬಂತು. ಪಡುವಣ ಗೋಡೆಗೆ ಒಳಗಿನಿಂದ ಶಾಖ ತಡೆಯುವ ಹಲಗೆ ಬಂತು. ಎಕ್ಸಾಸ್ಟ್ ಫ್ಯಾನು ಮತ್ತೆ ತಿರುಗಿತು. ಎಸಿಯ ಬೊಬ್ಬೆ ನಿಂತಿತು. ಅತ್ತೆ ಹೊದ್ದುಕೊಂಡು ಮಲಗಿದರು! ಟಿಕೆಟ್ಟಿನ ಮಾತು ಖಲಾಸ್. ಆ ಮಾಲೀಕರನ್ನೂ ಹಮೀದಾಕನನ್ನೂ ನೆನೆದರೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ಆ ಖುಷಿಗೆ ಹಮೀದಾಕನ ಮನೆಯವರನ್ನೆಲ್ಲ ಊಟಕ್ಕೆ ಕರೆದೆವು. ಊಟವಾಯಿತು, "ಬರ್ತೇವೆ" ಎಂದರು, ನಾನು ಬಾಗಿಲು ತೆರೆದೆ. ನಮ್ಮವರ ಸಂಗತಿ ನಿಮಗೆ ಗೊತ್ತಲ್ಲ, ನಿಜವಾದ ಮಾತು ಶುರುವಾಗುವುದೇ ಹೊಸ್ತಿಲಲ್ಲಿ. ಒಂದು ಕೈ ತೆರೆದ ಬಾಗಿಲ ಮೇಲಿಟ್ಟು, ಹೊರಗಿನ ಸೆಕೆಯನ್ನೂ ಮರೆತು ನಾನು ಹೊಸ ಕಿಟಕಿಯ ಗುಣಗಾನಕ್ಕೆ ತೊಡಗಿದೆ. ಒಂದು ಸಂದಿನಿಂದಲೂ ತಂಪು ಸೋರುವುದಿಲ್ಲ ಎಂದು ವಿವರಿಸುತ್ತಿದ್ದಾಗ ಹಿಂದಿನಿಂದ ಅತ್ತೆಯ ದನಿ ಕೇಳಿತು. ಮದುವೆಯಾದ ಮೇಲೆ ಮೊದಲ ಸಲ, ಮಗಳ ಮೂಲಕ ಅಲ್ಲ, ನೇರ ನನಗೇ:

"ಒಂದೋ ಅವರನ್ನು ಒಳಗೆ ಕರೀರಿ, ಇಲ್ಲ ನೀವೂ ಹೊರಗೆ ಹೋಗಿ. ನನಗೆ ಬಾಗಿಲು ಹಾಕ್ಲಿಕ್ಕುಂಟು."