ಕಲ್ಲು ಸಾಹೇಬ, ಬ್ಯಾಳಿ ಸಾಹೇಬ, ಎಮ್ಮಿ ಸಾಹೇಬ

ಕೆಲಸವನ್ನು ಮೂವರಿಗೆ ಹಂಚಿಕೊಟ್ಟಲ್ಲಿ ನಗುವಿಗೆ ಯಾವತ್ತೂ ಕೊರತೆ ಇರುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಚಿತ್ತಾಪುರದ ಬ್ಯಾಂಕೊಂದರ ಸಾಲ ವಿಭಾಗದಲ್ಲಿದ್ದೆ. ಯಾವ ಉದ್ಯಮ ಉಳಿದೀತು, ಯಾವುದು ಮುಳುಗೀತು ಎಂದು ನೋಡಿ ಹೇಳುವುದು ನಮ್ಮ ಕೆಲಸ. ಮ್ಯಾನೇಜರು ಒಬ್ಬರಿಗೆ ಕಲ್ಲಿನ ಗಣಿ, ಒಬ್ಬರಿಗೆ ಹೈನು, ನನಗೆ ತೊಗರಿಬೇಳೆ ಮಿಲ್ಲು ಎಂದು ಹಂಚಿದ್ದರು; ಊರವರು ಅದರಂತೆಯೇ ನಮಗೆ ಹೆಸರಿಟ್ಟಿದ್ದರು. ನಮ್ಮನ್ನು ಮೀರಿಸುವವರು ಈ ಸೀಮೆಯಲ್ಲೇ ಇಲ್ಲ ಎಂಬ ಹೆಮ್ಮೆ ಮೂವರಿಗೂ ಇತ್ತು.

ಅಳಿಯನ ಅಂಗಡಿ

ನಮ್ಮತ್ತೆ ಚಿಂಚೋಳಿಯಿಂದ ಮೊದಲ ಸಲ ಬಂದಿಳಿದು, ಟಾಂಗಾದವನಿಗೆ "ಬ್ಯಾಂಕ್ ಸಾಹೇಬ್ರ ಮನಿಗಿ ನಡಿಯಪ್ಪಾ" ಅಂದರು.

"ಯಾವ ಸಾಹೇಬ್ರು ಯವ್ವಾ? ಕಲ್ಲು ಸಾಹೇಬ್ರಾ, ಎಮ್ಮಿ ಸಾಹೇಬ್ರಾ, ಬ್ಯಾಳಿ ಸಾಹೇಬ್ರಾ?"

ನನ್ನ ಚಹರೆ ಕೇಳಿಕೊಂಡು, "ಹಂಗಂದ್ರ ಬ್ಯಾಳಿ ಸಾಹೇಬ್ರು" ಎಂದು ನೆಟ್ಟಗೆ ನಮ್ಮ ಮನೆಗೇ ಮುಟ್ಟಿಸಿದ. ಅತ್ತೆ ಒಳಗೆ ಬಂದವರೇ ಮಗಳ ಕಿವಿಯಲ್ಲಿ, "ನೌಕರಿ ಬಿಟ್ಟು ಕಿರಾಣಿ ಅಂಗಡಿ ಇಟ್ಟಾರಂತ ನಮಗ್ಯಾಕ ಹೇಳಿಲ್ಲ?" ಅಂದರು.

ನೆಲ ನೋಡಿದ ವರ

ಕಲ್ಲು ಸಾಹೇಬರು ವಾಡಿಗೆ ಹೆಣ್ಣು ನೋಡಲು ಹೋದರು. ಜತೆಗೆ ನಾನೂ ಇದ್ದೆ. ಉಪ್ಪಿಟ್ಟಿನ ತಟ್ಟೆ ಬದಿಗಿಟ್ಟವರೇ ಬೆರಳಿಂದ ನೆಲದ ಕಲ್ಲು ತಟ್ಟಿ, "ಇದು ರಾವೂರ ಖಣೀದಲ್ರಿ? ಏನು ಚಂದ ಬಂದದ!" ಎಂದು ಬಗ್ಗಿಬಿಟ್ಟರು.

ಹುಡುಗಿಯ ಅಪ್ಪ ಕೆಮ್ಮಿದರು. "ಹುಡುಗಿ ಬಂದು ಕುಂತು ಭಾಳ ಹೊತ್ತಾತ್ರಿ. ಆಕಿಗೂ ಒಂಚೂರು ನೋಡ್ರಿ!"

ಹುಡುಗಿ ತಲೆ ಎತ್ತದೆಯೇ ಅಂದಳು: "ಇರ್ಲಿ ಬಿಡಪ್ಪಾ. ನನಗ ತಟ್ಟಿ ನೋಡದಿದ್ರ ಸಾಕು, ನನ್ನ ಒಪ್ಪಿಗಿ ಅದ."

ಮೂವರ ಅವ್ವ

ಚಿಮ್ಮನಚೋಡದ ಒಬ್ಬ ವಿಧವೆ ಮನೆಯಲ್ಲೇ ಬೇಳೆ ಒಡೆದು ಮಾರಿ ಸಂಸಾರ ನಡೆಸುತ್ತಿದ್ದಳು. ದೊಡ್ಡ ಬೀಸುವ ಕಲ್ಲು, ತೊಗರಿ ಕೊಳ್ಳಲು ಬಂಡವಾಳ, ಹೊಟ್ಟು ತಿನ್ನಲು ಒಂದು ಎಮ್ಮೆ, ಇಷ್ಟಕ್ಕೂ ಸೇರಿಸಿ ಸಾಲ ಕೇಳಿದಳು. ಸುಗ್ಗಿ ತಪ್ಪಿದರೆ ಅವಳ ವರ್ಷವೇ ಹೋದಂತೆ. ನಾವೋ, ಇದು ನನ್ನ ವಿಭಾಗ, ಇಲ್ಲ ನನ್ನ ವಿಭಾಗ ಎಂದು ಕಚ್ಚಾಡುತ್ತ ಕೂತೆವು. ಮ್ಯಾನೇಜರು ಸಿಟ್ಟಿಗೆದ್ದು ಮೂವರನ್ನೂ ಒಂದೇ ಜೀಪಿಗೆ ಹತ್ತಿಸಿದರು.

ಅವಳ ಅಂಗಳದಲ್ಲೂ ಅದೇ ವಾದ. ಕೊನೆಗೆ ಅವಳೇ ಸೆರಗು ಸಿಕ್ಕಿಸಿ ನಿಂತಳು. "ಕಲ್ಲಿಗೊಬ್ರು, ಬ್ಯಾಳಿಗೊಬ್ರು, ಎಮ್ಮಿಗೊಬ್ರು ಬಂದೀರಿ. ಒಳಗ ಹೋಳಿಗಿ ಮಾಡೀನ್ರಿ. ಅದು ಯಾರ ಕಡಿ ಬರ್ತದ?"

"ನನ್ನ ಕಡಿ!" ಅಂದೆವು ಮೂವರೂ.

ಹೋಳಿಗೆ ಉಂಡು ಮೂವರೂ ಸೇರಿ ಒಂದೇ ವರದಿ ಬರೆದೆವು; ಸಾಲ ಸುಗ್ಗಿಗೆ ಮೊದಲೇ ಪಾಸಾಯಿತು. ಮುಂದೆ ಅವಳು ಕರೆಂಟಿನ ಗಿರಣಿಯನ್ನೇ ಹಾಕಿದಳು. ಬೆಂಗಳೂರಿನ ದೊಡ್ಡ ಸಾಹೇಬರು ಬಂದಾಗ ನಾವು ಎದೆಯುಬ್ಬಿಸಿ ಅಲ್ಲಿಗೇ ಕರೆದೊಯ್ದೆವು.

"ಇಷ್ಟು ಒಗ್ಗಟ್ಟಿನಿಂದ ಕೆಲಸ ಮಾಡೋದನ್ನ ಇವರಿಗೆ ಯಾರು ಕಲಿಸಿದ್ರಮ್ಮಾ?" ಎಂದು ಅವರು ಕೇಳಿದರು.

ಅವಳು ನಮ್ಮ ಮೂವರ ಮುಖ ನೋಡಿ ಅಂದಳು: "ಹಸಿವಿ, ಸಾಹೇಬ್ರ!"